ಸಿಗದ ಕಲ್ಲಿನ ಬೆನ್ನುಹತ್ತಿದ ಲಿಯೊನಿದ್ ಕುಲಿಕ್

2022ರ ಏಪ್ರಿಲ್ 2, ಯುಗಾದಿಯ ಸಂಜೆ. ಮನೆಗಳಲ್ಲಿ ಏರಿಸಿದ್ದ ಗುಡಿಗಳನ್ನು ಇಳಿಸಿ ಹೆಚ್ಚು ಹೊತ್ತಾಗಿರಲಿಲ್ಲ. ವಿದರ್ಭದ ಆಕಾಶದಲ್ಲಿ ಉರಿಯುವ ಕೊಳ್ಳಿಗಳ ಸಾಲೊಂದು ಹಾದುಹೋಯಿತು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನಲ್ಲಿ ಆಳೆತ್ತರವನ್ನು ಮೀರಿದ ಲೋಹದ ಬಳೆಯೊಂದು ಬಿದ್ದಿತು. ಅದು ಉಲ್ಕೆಯಲ್ಲ, ಕಕ್ಷೆಯಿಂದ ಕೆಳಗಿಳಿದ ಚೀನೀ ರಾಕೆಟ್ಟಿನ ಅವಶೇಷವಿರಬೇಕೆಂದು ಬಲ್ಲವರು ಬಳಿಕ ತಿಳಿಸಿದರು. ನಮ್ಮ ಕೊಲ್ಹಾಪುರದ ಕಡೆಗೆ ಆ ಬೆಳಕು ಕಾಣಲಿಲ್ಲ. ಆದರೆ ಮೊಬೈಲುಗಳಲ್ಲಿ ಅದರ ಚಿತ್ರಗಳು ಮನೆಮನೆಗೂ ತಲುಪಿದ್ದವು. ಶಾಲೆ ತೆರೆದ ದಿನ ಏಳನೆಯ ತರಗತಿಯ ಮಕ್ಕಳು ನನ್ನನ್ನು ಮುತ್ತಿಕೊಂಡರು. ಆಕಾಶದಿಂದ ಬೀಳುವುದು ನಮ್ಮ ಊರಿನ ಮೇಲೆಯೂ ಬೀಳಬಹುದೆ, ಬಿದ್ದರೆ ಏನಾಗುತ್ತದೆ, ಹಿಂದೆಂದಾದರೂ ಬಿದ್ದಿದೆಯೆ ಎಂಬುದು ಅವರ ಪ್ರಶ್ನೆ. ಪಾಠಕ್ಕಿಂತ ಕಥೆ ಚೆನ್ನಾಗಿ ನೆನಪಿರುತ್ತದೆಂಬ ಅನುಭವದಿಂದ ಆ ದಿನ ಅವರಿಗೆ ರಷ್ಯಾದ ಲಿಯೊನಿದ್ ಕುಲಿಕ್ ಅವರ ಜೀವನವನ್ನು ಹೇಳಿದೆ. ಅಂದಿನಿಂದ ಪ್ರತಿವರ್ಷ ಹೇಳುತ್ತ ಬಂದಿದ್ದೇನೆ.

ಶತಮಾನೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿ ಕೇಳಿದಾಗ ರಾಜರ್ಷಿ ಶಾಹೂ ಮಹಾರಾಜರ ಹೆಸರು ಸಹಜವಾಗಿಯೇ ಮೊದಲು ಬಂದಿತು. ಆ ಲೇಖನವನ್ನು ನನಗಿಂತ ಸಮರ್ಥರು ಬರೆಯುತ್ತಿದ್ದಾರೆ. ನಾನು ಕುಲಿಕ್ ಅವರನ್ನು ಆರಿಸಿಕೊಂಡೆ. ನಮ್ಮ ಶಾಲೆಯ ಮೊದಲ ಮಕ್ಕಳು ಹಲಗೆಯ ಮೇಲೆ ಅಕ್ಷರ ತಿದ್ದುತ್ತಿದ್ದ ಆ ದಶಕದಲ್ಲಿಯೇ ಈ ಮನುಷ್ಯ ಸೈಬೀರಿಯದ ಹಿಮದಲ್ಲಿ ತನ್ನ ಪ್ರಶ್ನೆಯನ್ನು ಹೊತ್ತು ನಡೆಯುತ್ತಿದ್ದರು. ಈ ಸಮಕಾಲೀನತೆ ನನಗೆ ಇಷ್ಟವಾದ ಒಂದು ಕಾರಣ. ಇನ್ನೊಂದು ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಮೊದಲು ಆ ಘಟನೆಯನ್ನು ಹೇಳಬೇಕು. 1908ರ ಜೂನ್ 30, ಬೆಳಗಿನ ಸುಮಾರು ಏಳು ಕಾಲು ಗಂಟೆ. ಕೊಲ್ಹಾಪುರದಲ್ಲಿ ಆಗ ಶಾಹೂ ಮಹಾರಾಜರ ಆಳ್ವಿಕೆ. ಇಚಲಕರಂಜಿಗೆ ಯಂತ್ರಮಗ್ಗ ಕಾಲಿಟ್ಟು ಕೆಲವೇ ವರ್ಷಗಳಾಗಿದ್ದವು. ಇಲ್ಲಿಂದ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ, ಮಧ್ಯ ಸೈಬೀರಿಯದ ಪೊದ್ಕಾಮೆನ್ನಾಯ ತುಂಗುಸ್ಕಾ ನದಿಯ ಸೀಮೆಯಲ್ಲಿ, ಸೂರ್ಯನಷ್ಟೇ ಪ್ರಖರವಾದ ಬೆಂಕಿಯ ಉಂಡೆಯೊಂದು ಮೋಡವಿಲ್ಲದ ಆಕಾಶವನ್ನು ಸೀಳಿಕೊಂಡು ಬಂದು ಸಿಡಿಯಿತು. ಸುಮಾರು 65 ಕಿಲೋಮೀಟರ್ ದೂರದ ವನವಾರ ಎಂಬ ವ್ಯಾಪಾರಿ ಠಾಣೆಯಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ರೈತನೊಬ್ಬನಿಗೆ ಮೈಮೇಲಿನ ಅಂಗಿಗೆ ಬೆಂಕಿ ಹತ್ತಿದಷ್ಟು ಕಾವು ತಟ್ಟಿತು. ಮರುಕ್ಷಣ ಅವನು ಕಟ್ಟೆಯಿಂದ ಕೆಳಗೆ ಎಸೆಯಲ್ಪಟ್ಟಿದ್ದನು. ಇರ್ಕೂತ್ಸ್ಕ್ ನಗರದ ವೇಧಶಾಲೆಯ ಭೂಕಂಪಮಾಪಕ ನಡುಕವನ್ನು ದಾಖಲಿಸಿತು. ದೂರದ ಇಂಗ್ಲೆಂಡಿನ ವಾಯುಭಾರಮಾಪಕಗಳ ಸೂಜಿಗಳೂ ಅಲುಗಿದವು. ಮುಂದಿನ ಕೆಲವು ರಾತ್ರಿ ಯುರೋಪಿನ ಆಕಾಶ ಕತ್ತಲಾಗಲೇ ಇಲ್ಲ. ನಡುರಾತ್ರಿಯಲ್ಲಿ ದೀಪವಿಲ್ಲದೆ ವೃತ್ತಪತ್ರಿಕೆ ಓದುವಷ್ಟು ಬೆಳಕಿತ್ತು. ಅದಕ್ಕೆ ಕಾರಣವೇನೆಂದು ಲಂಡನ್ನಿನ ಜನಕ್ಕೆ ತಿಳಿಯಲಿಲ್ಲ. ಸುಮಾರು 2,150 ಚದರ ಕಿಲೋಮೀಟರ್ ಕಾಡು, ಅಂದಾಜು 8 ಕೋಟಿ ಮರಗಳು, ಕೊಯ್ಲಾದ ಜೋಳದ ದಂಟಿನಂತೆ ನೆಲಕ್ಕೆ ಒರಗಿದ್ದವು.

ಇಷ್ಟೆಲ್ಲ ಆದರೂ ಹತ್ತೊಂಬತ್ತು ವರ್ಷ ಒಬ್ಬ ವಿಜ್ಞಾನಿಯೂ ಆ ಸ್ಥಳಕ್ಕೆ ಕಾಲಿಡಲಿಲ್ಲ. ಸ್ಥಳೀಯ ಪತ್ರಿಕೆಗಳಲ್ಲಿ ವರದಿ ಬಂದಿತು. ಇರ್ಕೂತ್ಸ್ಕ್ ವೇಧಶಾಲೆಯ ಮುಖ್ಯಸ್ಥ ವೊಜ್ನೆಸೆನ್ಸ್ಕಿ ಅವರು ಕಂಡವರಿಂದ ಪತ್ರಮುಖೇನ ವಿವರ ಸಂಗ್ರಹಿಸಿ ಇಟ್ಟುಕೊಂಡರು. ಅವುಗಳನ್ನು ಆಧರಿಸಿದ ಅವರ ಲೇಖನ ಪ್ರಕಟವಾದದ್ದು 1925ರಲ್ಲಿ. ಆ ಕಾಡಿನಲ್ಲಿ ಹಿಮಸಾರಂಗಗಳನ್ನು ಸಾಕಿಕೊಂಡು ಅಲೆಮಾರಿಗಳಾಗಿ ಬದುಕುತ್ತಿದ್ದ ಎವೆಂಕಿ ಜನರು ತಮ್ಮ ಗುಡಾರಗಳನ್ನು, ದವಸವನ್ನು, ಸಾರಂಗಗಳ ಹಿಂಡುಗಳನ್ನು ಕಳೆದುಕೊಂಡಿದ್ದರು. ಸಿಡಿಲಿನ ದೇವತೆ ಓಗ್ದಿ ಮುನಿದು ಕೆಳಗಿಳಿದು ಬಂದನೆಂದು ನಂಬಿ ಅವರು ಆ ನೆಲದಿಂದ ದೂರ ಸರಿದರು. ಅವರು ಹೇಳುವುದನ್ನು ಕೇಳಿಸಿಕೊಳ್ಳುವವರು ಬೇಕಿತ್ತು.

ಲಿಯೊನಿದ್ ಅಲೆಕ್ಸೆಯೆವಿಚ್ ಕುಲಿಕ್ ಅವರು ಜನಿಸಿದ್ದು 1883ರಲ್ಲಿ, ಇಂದು ಎಸ್ಟೋನಿಯಾಕ್ಕೆ ಸೇರಿರುವ, ಅಂದು ಜಾರ್ ಚಕ್ರವರ್ತಿಯ ರಷ್ಯಾದ ಭಾಗವಾಗಿದ್ದ ತಾರ್ತು ನಗರದಲ್ಲಿ. ತಂದೆ ವೈದ್ಯರು. ಸೇಂಟ್ ಪೀಟರ್ಸ್‌ಬರ್ಗಿನ ಅರಣ್ಯ ವಿದ್ಯಾಲಯಕ್ಕೆ ಸೇರಿದ ಯುವಕ ಕ್ರಾಂತಿಕಾರಿ ಚಟುವಟಿಕೆಯಲ್ಲಿ ಸಿಲುಕಿ ಅಲ್ಲಿಂದ ಹೊರಬಿದ್ದನು. ಓದು ಅರ್ಧಕ್ಕೆ ನಿಂತಿತು. ಸೈನ್ಯದ ಸೇವೆ, ಬಂಧನ, ಪೊಲೀಸರ ನಿಗಾವಣೆ ಎಲ್ಲವೂ ಒಂದರ ಹಿಂದೆ ಒಂದು ಬಂದವು. ಕೊನೆಗೆ ದಕ್ಷಿಣ ಉರಾಲ್ ಪರ್ವತಗಳ ಸೀಮೆಯಲ್ಲಿ ಅರಣ್ಯಾಧಿಕಾರಿಯ ಸಾಮಾನ್ಯ ನೌಕರಿ ದೊರೆಯಿತು. ಮರ ಎಣಿಸುವುದು, ಗಡಿ ಅಳೆಯುವುದು, ನಕ್ಷೆ ಬರೆಯುವುದು ಇವು ಆಗ ಅವರ ದಿನಚರಿ. ಬಿದ್ದ ಮರಗಳನ್ನು ಓದುವ ವಿದ್ಯೆ ಮುಂದೊಂದು ದಿನ ಬೇಕಾಗುತ್ತದೆಂದು ಅವರಿಗೆ ಹೇಗೆ ತಿಳಿದೀತು!

1911ರ ಹೊತ್ತಿಗೆ ರೇಡಿಯಂ ಅದಿರನ್ನು ಅರಸುತ್ತ ಮಹಾನ್ ಭೂರಸಾಯನ ವಿಜ್ಞಾನಿ ವ್ಲಾದಿಮಿರ್ ವೆರ್ನಾದ್ಸ್ಕಿ ಅವರು ಉರಾಲ್‌ಗೆ ಬಂದರು. ಭೂಮಾಪನ ಬಲ್ಲವರೊಬ್ಬರು ಅವರಿಗೆ ಬೇಕಾಗಿತ್ತು. ಅರಣ್ಯ ಇಲಾಖೆಯಿಂದ ಕುಲಿಕ್ ನೆರವಿಗೆ ನಿಂತರು. ಪದವಿಯಿಲ್ಲದ, ಪೊಲೀಸ್ ದಾಖಲೆಯುಳ್ಳ ಈ ಅರಣ್ಯ ನೌಕರನ ಕಣ್ಣಿನ ಸೂಕ್ಷ್ಮತೆಯನ್ನು ವೆರ್ನಾದ್ಸ್ಕಿ ಗುರುತಿಸಿದರು. ಅವರ ಆಸರೆಯಲ್ಲಿ ಕುಲಿಕ್ ರಾಜಧಾನಿಯ ಖನಿಜ ವಸ್ತುಸಂಗ್ರಹಾಲಯವನ್ನು ಸೇರಿದರು. ಅಲ್ಲಿ ಉಲ್ಕಾಶಿಲೆಗಳ ಸಂಗ್ರಹ ಅವರ ಮನಸ್ಸನ್ನು ಹಿಡಿದುಕೊಂಡಿತು. ನಡುವೆ ಮೊದಲನೆಯ ಮಹಾಯುದ್ಧ ಬಂದಿತು, ಕ್ರಾಂತಿ ಬಂದಿತು. ಅವರು ಯುದ್ಧಕ್ಕೆ ಹೋದರು. ಬಳಿಕ ತೋಮ್ಸ್ಕ್ ನಗರದಲ್ಲಿ ಖನಿಜಶಾಸ್ತ್ರ ಕಲಿಸಿದರು. ಅನಂತರ ಮತ್ತೆ ತಮ್ಮ ಕಲ್ಲುಗಳ ಬಳಿಗೆ ಮರಳಿದರು.

1921ರಲ್ಲಿ, ದೇಶ ಹಸಿವಿನಿಂದ ನರಳುತ್ತಿದ್ದಾಗ, ವಿಜ್ಞಾನ ಅಕಾಡೆಮಿಯು ದೇಶದಲ್ಲೆಲ್ಲ ಚದುರಿಹೋಗಿದ್ದ ಉಲ್ಕಾಶಿಲೆಗಳನ್ನು ಸಂಗ್ರಹಿಸಿ ತರುವ ಕೆಲಸವನ್ನು ಕುಲಿಕ್ ಅವರಿಗೆ ವಹಿಸಿತು. ಹೊರಡುವ ಮುನ್ನ ಪತ್ರಿಕಾ ಸಂಪಾದಕ ಸ್ವ್ಯಾತ್ಸ್ಕಿ ಅವರು ಹಳೆಯ ದಿನದರ್ಶಿಕೆಯಿಂದ ಹರಿದ ಒಂದು ಹಾಳೆಯನ್ನು ಕೈಗಿತ್ತರು. ನಮ್ಮ ಮನೆಗಳ ಗೋಡೆಯ ಮೇಲೆ ತೂಗುವ, ದಿನಕ್ಕೊಂದು ಹಾಳೆ ಹರಿಯುವ ದಿನದರ್ಶಿಕೆಯಂಥದೇ ಅದು, 1910ನೆಯ ಇಸವಿಯದು. ಆ ಹಾಳೆಯ ಹಿಂಬದಿಯಲ್ಲಿ ಮುದ್ರಿತವಾಗಿದ್ದ ಸುದ್ದಿಯಂತೆ, ಎರಡು ವರ್ಷದ ಹಿಂದೆ ಸೈಬೀರಿಯದ ಕಾನ್ಸ್ಕ್ ಪಟ್ಟಣದ ಬಳಿ ರೈಲು ಹಳಿಯ ಸಮೀಪದಲ್ಲಿಯೇ ಭಾರೀ ಉಲ್ಕೆಯೊಂದು ಬಿದ್ದಿತ್ತು. ರೈಲು ನಿಂತಿತು, ಪ್ರಯಾಣಿಕರು ಇಳಿದು ಕೆಂಪಗೆ ಕಾದ ಬಂಡೆಯನ್ನು ನೋಡಲು ಓಡಿದರು ಎಂದೆಲ್ಲ ಅದರಲ್ಲಿತ್ತು. ಆ ಸುದ್ದಿಯ ಬಹುಭಾಗ ಕಟ್ಟುಕಥೆ. ಭಯಂಕರ ಸದ್ದು ಕೇಳಿ ರೈಲು ನಿಂತದ್ದು ಮಾತ್ರ ನಿಜ.

ಮಕ್ಕಳಿಗೆ ಈ ಭಾಗವನ್ನು ಹೇಳುವಾಗ ನಾನು ಸ್ವಲ್ಪ ನಿಧಾನಿಸುತ್ತೇನೆ. ಸುಳ್ಳು ಬೆರೆತ ಸುದ್ದಿಯನ್ನು ಕೈಯಲ್ಲಿ ಹಿಡಿದ ಕುಲಿಕ್ ಅದನ್ನು ನಂಬಿ ಕೂರಲಿಲ್ಲ, ಹುಸಿಯೆಂದು ಎಸೆಯಲೂ ಇಲ್ಲ. ಅಲ್ಲಿಗೇ ಹೋಗಿ ವಿಚಾರಿಸಿದರು. ತಮಗೆ ಒದಗಿಸಿದ್ದ ರೈಲು ಡಬ್ಬಿಯಲ್ಲಿಯೇ ವಾಸಮಾಡುತ್ತ ಊರೂರಿಗೆ ಪ್ರಶ್ನಾವಳಿ ಹಂಚಿದರು. ಯಾವ ದಿಕ್ಕಿನಿಂದ ಬೆಳಕು ಬಂದಿತು, ಎಷ್ಟು ಹೊತ್ತಿಗೆ ಸದ್ದು ಕೇಳಿತು, ಗಾಜು ಒಡೆಯಿತೆ, ನೆಲ ನಡುಗಿತೆ ಎಂದು ಕೇಳಿದರು. ಉತ್ತರಗಳನ್ನು ಕೂಡಿಸಿ ನೋಡಿದಾಗ ಉಲ್ಕೆ ಬಿದ್ದದ್ದು ಹಳಿಯ ಪಕ್ಕದಲ್ಲಲ್ಲ, ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರದ ದಾರಿಯಿಲ್ಲದ ಕಾಡಿನಲ್ಲಿ ಎಂಬುದು ಸ್ಪಷ್ಟವಾಯಿತು. ಆದರೆ ಅಷ್ಟರಲ್ಲಿ ಹಣವೂ ಕಾಲವೂ ಮುಗಿದಿದ್ದವು.

ಮುಂದಿನ ಐದು ವರ್ಷ ಅರ್ಜಿ, ವರದಿ, ಮರುಅರ್ಜಿಗಳಲ್ಲಿ ಕಳೆಯಿತು. ಸಣ್ಣದೊಂದು ಪ್ರಯೋಗಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಅನುಭವವಿರುವ ನನ್ನಂಥವಳಿಗೆ ಅವರ ಜೀವನದ ಈ ಅಧ್ಯಾಯ ಬಹಳ ಪರಿಚಿತವೆನಿಸುತ್ತದೆ. ನಾನು ಅರ್ಜಿ ಕೊಟ್ಟ ಒಂದು ಕಚೇರಿಯಲ್ಲಿ ಅದು ಎರಡು ಸಲ ಕಾಣೆಯಾಗಿತ್ತು. ಅಷ್ಟರಲ್ಲಿ ವೊಜ್ನೆಸೆನ್ಸ್ಕಿ ಅವರ ಲೇಖನ ಪ್ರಕಟವಾಯಿತು. ಭೂಗರ್ಭ ಶಾಸ್ತ್ರಜ್ಞ ಒಬ್ರೂಚೆವ್ ಅವರು ಆ ಸೀಮೆಯಲ್ಲಿ ಸಂಚರಿಸಿ ಬಿದ್ದ ಕಾಡಿನ ಸುದ್ದಿ ತಂದರು. ಜನಾಂಗ ಅಧ್ಯಯನಕಾರ ಸುಸ್ಲೊವ್ ಅವರು 1926ರಲ್ಲಿ ಎವೆಂಕಿ ಜನರೊಂದಿಗೆ ಕುಳಿತು ಅವರ ನೆನಪುಗಳನ್ನು ಬರೆದುಕೊಂಡರು. ಗುಡಾರ ಹಾರಿಹೋದದ್ದು, ಒಂದರ ಹಿಂದೊಂದು ಗುಡುಗು ಕೇಳಿದ್ದು, ಉರಿದುಹೋದ ಸಾರಂಗಗಳು ಎಲ್ಲವೂ ಆ ಜನರ ನಾಲಗೆಯ ಮೇಲೆಯೇ ಇದ್ದವು. ಗಡಿನಾಡಿನಲ್ಲಿ, ಸುತ್ತಲೂ ಬೇರೊಂದು ಭಾಷೆಯ ನಡುವೆ ತನ್ನ ನುಡಿಯಲ್ಲಿ ಪಾಠ ಹೇಳುವ ಶಾಲೆಯವಳಾಗಿ ನನಗೆ ಇದು ಮುಖ್ಯವೆನಿಸುತ್ತದೆ. ಆ ಶತಮಾನದ ಅತಿದೊಡ್ಡ ಆಕಾಶ ಘಟನೆಯ ಸಾಕ್ಷ್ಯವು ಕೆಲವೇ ಸಾವಿರ ಜನ ಆಡುವ ಭಾಷೆಯೊಂದರಲ್ಲಿ ಹದಿನೆಂಟು ವರ್ಷ ಕಾದು ಕುಳಿತಿತ್ತು.

1927ರ ಫೆಬ್ರುವರಿಯಲ್ಲಿ ಕುಲಿಕ್ ಒಬ್ಬನೇ ಸಹಾಯಕನೊಂದಿಗೆ ಲೆನಿನ್‌ಗ್ರಾದಿನಿಂದ ಹೊರಟರು. ತಾಯ್ಶೆತ್‌ವರೆಗೆ ರೈಲು. ಅಲ್ಲಿಂದ ಕುದುರೆಗಾಡಿ, ಜಾರುಬಂಡಿಗಳಲ್ಲಿ ಅಂಗಾರಾ ನದಿಯ ತೀರದ ಕೇಜ್ಮಾ. ಮಾರ್ಚ್ ಕೊನೆಗೆ ವನವಾರ. ಮುಂದೆ ದಾರಿಯೇ ಇಲ್ಲ. ಕುದುರೆಗಳ ಮೇಲೆ ಹೇರು ಹಾಕಿ ಮಾಡಿದ ಮೊದಲ ಪ್ರಯತ್ನ ಎದೆಮಟ್ಟದ ಹಿಮದಲ್ಲಿ ಸೋತಿತು. ಇಲ್ಯಾ ಪೊತಾಪೊವಿಚ್ ಎಂಬ ಎವೆಂಕಿ ಮಾರ್ಗದರ್ಶಿ, ಹಿಮಸಾರಂಗಗಳನ್ನು ಸಾಕಿದ್ದ ಇನ್ನೊಂದು ಕುಟುಂಬ ಇವರೊಂದಿಗೆ ಏಪ್ರಿಲಿನಲ್ಲಿ ಮತ್ತೆ ಹೊರಟರು. ಕೆಲವು ಕಡೆ ಕೊಡಲಿಯಿಂದ ದಾರಿ ಕಡಿಯುತ್ತ ದಿನಕ್ಕೆ ಕೆಲವೇ ಕಿಲೋಮೀಟರ್ ಸಾಗಿದರು. ಏಪ್ರಿಲ್ 13ರಂದು ಒಂದು ಗುಡ್ಡದ ನೆತ್ತಿಯನ್ನು ಏರಿದಾಗ ಉತ್ತರದ ದಿಗಂತದವರೆಗೂ ಒಂದು ಮರವೂ ನಿಂತಿರಲಿಲ್ಲ. ಬಿಳಿಯ ಹಿಮದ ಮೇಲೆ ಸಾಲುಸಾಲಾಗಿ ಮಲಗಿದ ಕಾಂಡಗಳು, ಎಲ್ಲದರ ತುದಿಯೂ ಒಂದೇ ಕಡೆಗೆ.

ಮಾರ್ಗದರ್ಶಿಗಳು ಅಲ್ಲಿಂದ ಮುಂದೆ ಬರಲು ಒಪ್ಪಲಿಲ್ಲ. ಅದು ಅವರ ಮಟ್ಟಿಗೆ ದೇವರು ಸುಟ್ಟ ನೆಲ. ಕುಲಿಕ್ ವನವಾರಕ್ಕೆ ಹಿಂದಿರುಗಿದರು. ಅಂಗಾರಾ ಸೀಮೆಯ ಕೆಲವು ರಷ್ಯನ್ ರೈತರನ್ನು ಜೊತೆ ಮಾಡಿಕೊಂಡು, ಹಿಮ ಕರಗಿ ಉಕ್ಕುತ್ತಿದ್ದ ನದಿಗಳಲ್ಲಿ ತೆಪ್ಪ ಬಿಟ್ಟು, ಮೇ ತಿಂಗಳ ಕೊನೆಗೆ ಆ ಸೀಮೆಯ ನಡುವನ್ನು ತಲುಪಿದರು. ಬೆಟ್ಟಗಳು ಸುತ್ತುವರಿದ ಬೋಗುಣಿಯಂಥ ಜೌಗು ನೆಲ ಅದು. ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುತ್ತ ಅವರು ಬಿದ್ದ ಮರಗಳ ದಿಕ್ಕನ್ನು ಅಳೆದು ಗುರುತು ಹಾಕಿಕೊಂಡರು. ಪಶ್ಚಿಮದ ಮರಗಳು ಪಶ್ಚಿಮಕ್ಕೆ, ದಕ್ಷಿಣದವು ದಕ್ಷಿಣಕ್ಕೆ, ಪೂರ್ವದವು ಪೂರ್ವಕ್ಕೆ ತುದಿ ಮಾಡಿ ಬಿದ್ದಿದ್ದವು. ಎಲ್ಲದರ ಬೇರುಗಳು ನಡುವಿನ ಕಡೆಗೆ. ಬಂಡಿಯ ಗಾಲಿಯ ಅರೆಕಾಲುಗಳು ಗುಂಬದಿಂದ ಹೊರಡುವಂತೆ ಇಡೀ ಕಾಡು ಒಂದು ಕೇಂದ್ರದಿಂದ ಹೊರಕ್ಕೆ ಹರಡಿ ಬಿದ್ದಿತ್ತು. ಹಿಂದೆ ಮರ ಎಣಿಸುತ್ತಿದ್ದ ಅರಣ್ಯ ನೌಕರ ಈಗ ಅದೇ ಮರಗಳಿಂದ ಘಟನೆಯ ಕೇಂದ್ರವನ್ನು ಕಂಡುಹಿಡಿದಿದ್ದರು.

ಆದರೆ ಕೇಂದ್ರದಲ್ಲಿ ಅವರಿಗೆ ಎದುರಾದದ್ದು ಬೇರೆ. ಅಲ್ಲಿ ದೊಡ್ಡ ಕುಳಿ ಇರಬೇಕಾಗಿತ್ತು. ಕುಳಿಯಿರಲಿಲ್ಲ. ಮರಗಳು ಪೂರ್ತಿ ನಾಶವಾಗಿರಬೇಕಾಗಿತ್ತು. ಬದಲಿಗೆ ಕೊಂಬೆ, ತೊಗಟೆ ಕಳೆದುಕೊಂಡ ಸುಟ್ಟ ಕಾಂಡಗಳು ತಂತಿಕಂಬಗಳಂತೆ ನೆಟ್ಟಗೆ ನಿಂತಿದ್ದವು. ಸುತ್ತಣ ಜೌಗಿನಲ್ಲಿ ಮಾತ್ರ ನೀರು ತುಂಬಿದ ದುಂಡನೆಯ ಹೊಂಡಗಳು ಹತ್ತಾರು ಕಂಡವು. ಉಲ್ಕೆ ಚೂರುಚೂರಾಗಿ ಬಿದ್ದು ಈ ಹೊಂಡಗಳಾಗಿವೆ, ಒಂದೊಂದರ ತಳದಲ್ಲಿಯೂ ಕಬ್ಬಿಣದ ತುಣುಕು ಅಡಗಿದೆ ಎಂದು ಕುಲಿಕ್ ನಿರ್ಧರಿಸಿದರು. ಆಹಾರ ಮುಗಿಯುತ್ತ ಬಂದಿತ್ತು. ಹಿಂದಿರುಗುವುದು ಅನಿವಾರ್ಯವಾಯಿತು.

1928ರಲ್ಲಿ ಮತ್ತೆ ಹೋದರು. ಈ ಸಲ ಚಲನಚಿತ್ರ ತೆಗೆಯುವವರೊಬ್ಬರೂ ಇದ್ದರು. ನದಿಯ ಸೆಳವಿನಲ್ಲಿ ದೋಣಿ ಮಗುಚಿ ಕುಲಿಕ್ ನೀರುಪಾಲಾಗುವುದರಲ್ಲಿದ್ದರು. ಕಾಲಿಗೆ ಸುತ್ತಿಕೊಂಡ ಹಗ್ಗ ಅವರನ್ನು ಉಳಿಸಿತು. ಜೊತೆಗಾರರು ಕಾಯಿಲೆ ಬಿದ್ದು ಮರಳಿದರು. ಹೆಚ್ಚಿನ ನೆರವು ಕೇಳಲು ಒಬ್ಬರು ರಾಜಧಾನಿಗೆ ಹೋದರು. ಬೇಸಿಗೆಯ ಕೊನೆಯಿಂದ ಕುಲಿಕ್ ಒಬ್ಬ ಕೆಲಸಗಾರನೊಂದಿಗೆ ಆ ಬೋಗುಣಿಯಲ್ಲಿ ಉಳಿದುಕೊಂಡರು. ಪತ್ರಿಕೆಗಳು ಅವರನ್ನು ಕಾಡಿನಲ್ಲಿ ಸಿಕ್ಕಿಬಿದ್ದ ವೀರನೆಂದು ಬಣ್ಣಿಸಿದವು. ಅಯಸ್ಕಾಂತದ ಉಪಕರಣಗಳಿಂದ ಹೊಂಡಗಳನ್ನು ಪರೀಕ್ಷಿಸಿದರೆ ಕಬ್ಬಿಣದ ಸುಳಿವೇ ಇಲ್ಲ.

1929ರಲ್ಲಿ ಹೊರಟ ಮೂರನೆಯ ತಂಡ ದೊಡ್ಡದು. ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ದುಡಿಯಿತು. ಕುಲಿಕ್ ಅವರ ನಂಬಿಕೆಯ ಹೊಂಡವೊಂದಕ್ಕೆ ಸುಸ್ಲೊವ್ ಅವರ ಹೆಸರಿಟ್ಟಿದ್ದರು. ಗಟ್ಟಿಯಾದ ನೆಲದಲ್ಲಿ ಕೈಯಿಂದಲೇ ಕಾಲುವೆ ತೋಡಿ ಅದರ ನೀರನ್ನು ಹೊರಬಿಟ್ಟರು. ನೀರು ಇಳಿಯಿತು. ತಳದಲ್ಲಿ ಕಂಡದ್ದು ಒಂದು ಮರದ ಬುಡ! ಬೇರು ಬಿಟ್ಟಲ್ಲಿಯೇ, ಬೆಳೆದ ಭಂಗಿಯಲ್ಲಿಯೇ ಅದು ನಿಂತಿತ್ತು. ಆಕಾಶದಿಂದ ಲೋಹದ ಬಂಡೆ ಬಡಿದು ಆದ ಹೊಂಡದ ತಳದಲ್ಲಿ ಮರದ ಬುಡ ನೆಟ್ಟಗೆ ಉಳಿಯುವುದುಂಟೆ? ಹೆಪ್ಪುಗಟ್ಟಿದ ನೆಲ ಕರಗಿ ಕುಸಿದಾಗ ಇಂಥ ಹೊಂಡಗಳು ಉತ್ತರದ ಜೌಗುಗಳಲ್ಲಿ ತಾವಾಗಿ ಆಗುತ್ತವೆ. ತಂಡದಲ್ಲಿದ್ದ ಯುವ ವಿಜ್ಞಾನಿ ಕ್ರಿನೊವ್ ಅವರು ಇದನ್ನು ಒಪ್ಪಿಕೊಂಡರು. ಕುಲಿಕ್ ಒಪ್ಪಲಿಲ್ಲ. ಕೊರೆಯುವ ಕೆಲಸ ಚಳಿಗಾಲದಲ್ಲಿಯೂ ನಡೆಯಿತು. ಹಿಮಗಡಿತದಿಂದ ಕ್ರಿನೊವ್ ಅವರ ಕಾಲ್ಬೆರಳೊಂದನ್ನು ತೆಗೆಯಬೇಕಾಯಿತು. ಬೈರಿಗೆಯ ತುದಿಗೆ ಹತ್ತಿ ಬಂದದ್ದು ಕೆಸರು, ಮಂಜುಗಡ್ಡೆ.

ಕುಲಿಕ್ ಅವರನ್ನು ಮೆಚ್ಚುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ತಪ್ಪಿದ್ದರು. ಸಾಕ್ಷ್ಯ ಕಣ್ಣೆದುರಿಗೇ ಇದ್ದಾಗಲೂ ತಮ್ಮ ಕಬ್ಬಿಣದ ಉಲ್ಕೆಯನ್ನು ಬಿಟ್ಟುಕೊಡಲಿಲ್ಲ. ಆದರೆ ಅವರ ಊಹೆಗಿಂತ ಅವರ ಅಳತೆಗಳು ದೊಡ್ಡವು. ಊಹೆ ಸುಳ್ಳಾದರೂ ಅಳತೆಗಳು ಸುಳ್ಳಾಗಲಿಲ್ಲ. ಮರಗಳ ದಿಕ್ಕು, ಸುಟ್ಟ ಗುರುತು, ನಿಂತ ಕಾಂಡಗಳು ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರು. ತಮ್ಮ ವಾದಕ್ಕೆ ಅಡ್ಡಬರುವ ಆ ತಂತಿಕಂಬದ ಕಾಡನ್ನೂ ಮುಚ್ಚಿಡಲಿಲ್ಲ. 1938ರಲ್ಲಿ ಅವರ ಒತ್ತಾಯದಿಂದ ವಿಮಾನದಿಂದ ಆ ನೆಲದ ಛಾಯಾಚಿತ್ರಗಳನ್ನು ತೆಗೆಯಲಾಯಿತು. ಹೊಸ ಮರಗಳು ಬೆಳೆದು ಗುರುತುಗಳನ್ನು ಮುಚ್ಚುವ ಮುನ್ನ ಬಿದ್ದ ಕಾಡಿನ ನಡುಭಾಗ ಚಿತ್ರದಲ್ಲಿ ಉಳಿಯಿತು. ಸುಮಾರು 1,500 ನೆಗೆಟಿವ್‌ಗಳಾದವು. 1975ರಲ್ಲಿ ಬೇಗ ಬೆಂಕಿ ಹೊತ್ತಿಕೊಳ್ಳುವ ಹಳೆಯ ಫಿಲ್ಮು ಅಪಾಯಕಾರಿಯೆಂದು ಅವುಗಳನ್ನು ಸುಟ್ಟುಹಾಕಲಾಯಿತು. ಆ ಆದೇಶ ಹೊರಟದ್ದು ಬೇರಾರಿಂದಲೂ ಅಲ್ಲ, ಬೆರಳು ಕಳೆದುಕೊಂಡಿದ್ದ ಅದೇ ಕ್ರಿನೊವ್ ಅವರಿಂದ. ಮುದ್ರಿತ ಪ್ರತಿಗಳು ಉಳಿದುಕೊಂಡವೆಂಬುದೇ ಸಮಾಧಾನ. ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಲು ಈ ವರ್ಷ ಪಟ್ಟ ಪಾಡು ನೆನಪಾಗಿ ಇದನ್ನು ಬರೆದೆ.

1939ರಲ್ಲಿ ಕುಲಿಕ್ ಕೊನೆಯ ಸಲ ತುಂಗುಸ್ಕಾಕ್ಕೆ ಹೋಗಿಬಂದರು. ಇನ್ನೊಂದು ಯಾತ್ರೆಯ ಸಿದ್ಧತೆ ನಡೆದಿರುವಾಗಲೇ 1941ರ ಜೂನಿನಲ್ಲಿ ಜರ್ಮನ್ ಸೇನೆ ರಷ್ಯಾವನ್ನು ನುಗ್ಗಿತು. ಆಗ ಅವರಿಗೆ ಐವತ್ತೇಳು ವರ್ಷ, ಹೆಚ್ಚುಕಡಿಮೆ ಇಂದು ನನಗಿರುವಷ್ಟೇ ವಯಸ್ಸು. ಆ ವಯಸ್ಸಿನ ವಿಜ್ಞಾನಿ ಯುದ್ಧಕ್ಕೆ ಹೋಗಬೇಕಾಗಿರಲಿಲ್ಲ. ಅವರು ಮಾಸ್ಕೋದ ನಾಗರಿಕರ ಸ್ವಯಂಸೇವಾ ದಳಕ್ಕೆ ತಾವಾಗಿಯೇ ಸೇರಿದರು. ಶರತ್ಕಾಲದ ಹೋರಾಟದಲ್ಲಿ ಕಾಲಿಗೆ ಗಾಯವಾಗಿ ಶತ್ರುಗಳ ಕೈಗೆ ಸೆರೆಸಿಕ್ಕರು. ಸ್ಪಾಸ್-ದೆಮೆನ್ಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಸೆರೆಯಾಳುಗಳ ಆಸ್ಪತ್ರೆಯಿತ್ತು. ತಮ್ಮ ಗಾಯ ಮಾಯುತ್ತಿದ್ದಂತೆ ಕುಲಿಕ್ ಅಲ್ಲಿಯೇ ಉಳಿದ ರೋಗಿಗಳ ಶುಶ್ರೂಷೆಗೆ ನಿಂತರು. ಟೈಫಸ್ ಜ್ವರ ಹಬ್ಬಿತ್ತು. 1942ರ ಏಪ್ರಿಲಿನಲ್ಲಿ ಅದೇ ಜ್ವರ ಅವರನ್ನೂ ಒಯ್ದಿತು. ಸಮಾಧಿ ಆ ಪಟ್ಟಣದಲ್ಲಿಯೇ ಇದೆ. ಚಂದ್ರನ ಆಚೆಯ ಬದಿಯ ಒಂದು ಕುಳಿಗೆ, ಒಂದು ಕ್ಷುದ್ರಗ್ರಹಕ್ಕೆ ಬಳಿಕ ಅವರ ಹೆಸರಿಡಲಾಯಿತು. ಜೀವನವಿಡೀ ಕುಳಿಯನ್ನು ಅರಸಿದವರಿಗೆ ದೊರೆತ ಕುಳಿ ಅದು.

ಹಾಗಾದರೆ ತುಂಗುಸ್ಕಾದಲ್ಲಿ ಆದದ್ದೇನು? ಉತ್ತರದ ಸುಳಿವು ವಿಚಿತ್ರವಾದ ಕಡೆಯಿಂದ ಬಂದಿತು. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಗಾಳಿಯಲ್ಲಿಯೇ ಸಿಡಿದಾಗ ನೆಲದಲ್ಲಿ ಕುಳಿಯಾಗಲಿಲ್ಲ. ಸ್ಫೋಟದ ನೇರ ಕೆಳಗಿದ್ದ ಕೆಲವು ಮರಗಳೂ ಗೋಡೆಗಳೂ ನಿಂತೇ ಇದ್ದವು. ತುಂಗುಸ್ಕಾದ ನಿಂತ ಕಾಂಡಗಳಿಗೆ ಆಗ ಅರ್ಥ ದೊರೆಯಿತು. ಮೇಲಿನಿಂದ ನೇರವಾಗಿ ಇಳಿದ ಒತ್ತಡದ ಅಲೆ ಕೊಂಬೆಗಳನ್ನು ಸವರಿತು, ಕಾಂಡವನ್ನು ಬಿಟ್ಟಿತು. ದೂರದಲ್ಲಿ ಅದೇ ಅಲೆ ಓರೆಯಾಗಿ ಬಡಿದು ಮರಗಳನ್ನು ಕೆಡವಿತು. ಸ್ಫೋಟವಾದದ್ದು ನೆಲದ ಮೇಲಲ್ಲ, ಸುಮಾರು 5ರಿಂದ 10 ಕಿಲೋಮೀಟರ್ ಎತ್ತರದಲ್ಲಿ. ಇದನ್ನು ಕೇಳಿದೊಡನೆ ಅದು ಅನ್ಯಗ್ರಹದವರ ಅಣುನೌಕೆಯೆಂದು ಕಥೆ ಕಟ್ಟಿದ ಲೇಖಕರೂ ಇದ್ದರು. ಆ ಕಥೆ ಇಂದಿಗೂ ಮಕ್ಕಳ ಮೊಬೈಲುಗಳಲ್ಲಿ ಓಡಾಡುತ್ತಿದೆ.

ಗಾಳಿ ಕಲ್ಲನ್ನು ಹೇಗೆ ಒಡೆದೀತು ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಗಡಹಿಂಗ್ಲಜ ಸೀಮೆಯ ಹುಡುಗರಿಗೆ ಇದನ್ನು ತಿಳಿಸುವುದು ಸುಲಭ. ಬಾವಿಯ ದಂಡೆಯಿಂದ ಹೊಟ್ಟೆ ಅಡಿಯಾಗಿ ನೀರಿಗೆ ಬಿದ್ದವನಿಗೆ ನೀರು ಮೆತ್ತಗಲ್ಲ, ಹಲಗೆಯಂತೆ ಬಡಿಯುತ್ತದೆ. ಸೆಕೆಂಡಿಗೆ ಹದಿನೈದು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಬರುವ ಬಂಡೆಗೆ ಗಾಳಿಯೂ ಹಾಗೆಯೇ. ಮುಂದಿನ ಗಾಳಿಗೆ ಪಕ್ಕಕ್ಕೆ ಸರಿಯಲು ವ್ಯವಧಾನವಿಲ್ಲದೆ ಅದು ಒತ್ತಿ ಒತ್ತಿ ಕಾಯುತ್ತದೆ. ಕೆಳಗಿಳಿದಂತೆ ಗಾಳಿ ದಟ್ಟವಾಗಿ ಒತ್ತಡ ಏರುತ್ತದೆ. ಬಂಡೆಯ ಗಟ್ಟಿತನವನ್ನು ಒತ್ತಡ ಮೀರಿದ ಗಳಿಗೆಯಲ್ಲಿ ಅದು ಪುಡಿಯಾಗುತ್ತದೆ. ಪುಡಿಯಾದೊಡನೆ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚಿ, ಚಲನೆಯ ಶಕ್ತಿಯೆಲ್ಲ ಕೆಲವೇ ಕ್ಷಣಗಳಲ್ಲಿ ಕಾವಾಗಿ, ಅಲೆಯಾಗಿ ಹೊರಬೀಳುತ್ತದೆ. ಸುಮಾರು 50ರಿಂದ 60 ಮೀಟರ್ ಅಡ್ಡಳತೆಯ ಕಲ್ಲಿನ ಕ್ಷುದ್ರಗ್ರಹಕ್ಕೆ ಹೀಗಾಯಿತೆಂಬುದು ಇಂದು ಹೆಚ್ಚಿನವರ ಅಭಿಪ್ರಾಯ. ಧೂಮಕೇತುವಿನ ತುಣುಕೆನ್ನುವವರೂ ಇದ್ದಾರೆ. ಶಕ್ತಿಯ ಅಂದಾಜು 3ರಿಂದ 15 ಮೆಗಾಟನ್ ಟಿಎನ್‌ಟಿಯವರೆಗೆ ಹರಡಿಕೊಂಡಿದೆ. ಆಕಾಶಕಾಯದ ಕೈಗೆ ಸಿಗುವ ದೊಡ್ಡ ತುಣುಕೊಂದು ಇಂದಿಗೂ ದೊರೆತಿಲ್ಲವಾದ್ದರಿಂದ ವಾದ ಮುಗಿದಿಲ್ಲ. ಯುದ್ಧದ ನಂತರ 1958ರಲ್ಲಿ ಫ್ಲೊರೆನ್ಸ್ಕಿ ಅವರ ತಂಡ, ಆಮೇಲೆ ವರ್ಷವರ್ಷವೂ ತೋಮ್ಸ್ಕ್ ನಗರದ ಸ್ವಯಂಸೇವಕರು ಅಲ್ಲಿಗೆ ಹೋಗಿ ಕುಲಿಕ್ ಅವರ ಕೆಲಸವನ್ನು ಮುಂದುವರಿಸಿ, ಬಿದ್ದ ಮರಗಳನ್ನು ಒಂದೊಂದಾಗಿ ಅಳೆದರು. ನಕ್ಷೆಯಲ್ಲಿ ಮೂಡಿದ ಆಕಾರ ರೆಕ್ಕೆ ಬಿಚ್ಚಿದ ಚಿಟ್ಟೆಯದು. ಕಡ್ಡಿಗಳನ್ನು ನೆಟ್ಟು ಮಾಡಿದ ಪುಟ್ಟ ಕಾಡಿನ ಮೇಲೆ ಓರೆಯಾಗಿ ಸಣ್ಣ ಸ್ಫೋಟ ನಡೆಸಿದ ರಷ್ಯನ್ ಸಂಶೋಧಕರಿಗೂ ಅದೇ ಚಿಟ್ಟೆ ದೊರೆಯಿತು.

ನಮ್ಮ ನಾಡಿಗೂ ಆಕಾಶದ ಕಲ್ಲುಗಳು ಬಾರದೆ ಇಲ್ಲ. ಕರ್ನಾಟಕದ ಮದ್ದೂರಿನಲ್ಲಿ 1865ರಲ್ಲಿ, ಉಡುಪಿಯಲ್ಲಿ 1866ರಲ್ಲಿ ಬಿದ್ದ ಉಲ್ಕಾಶಿಲೆಗಳು ಜಗತ್ತಿನ ಪಟ್ಟಿಗಳಲ್ಲಿ ಸೇರಿವೆ. ಬುಲಢಾಣಾ ಜಿಲ್ಲೆಯ ಲೋಣಾರ ಸರೋವರವನ್ನು ನಾನು ಒಂದು ಬೇಸಿಗೆಯ ಬಿಡುವಿನಲ್ಲಿ ಸಹಶಿಕ್ಷಕಿಯರೊಂದಿಗೆ ನೋಡಿದ್ದೇನೆ. ನಮ್ಮ ಹೊಲಗಳಲ್ಲಿ ಬಾವಿ ತೋಡುವಾಗ ಸಿಗುವ ಕರಿಗಲ್ಲೇ ಅಲ್ಲಿಯದೂ. ಆ ಕರಿಗಲ್ಲಿನಲ್ಲಿ ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿ, ತಳದಲ್ಲಿ ಉಪ್ಪುನೀರು. ಅದನ್ನು ಮಾಡಿದ ಕಾಯ ಗಾಳಿಯಲ್ಲಿ ಕರಗದೆ ನೆಲವನ್ನು ಮುಟ್ಟಿತ್ತು. ದಂಡೆಯ ಮೇಲೆ ನಿಂತಾಗ ಕುಲಿಕ್ ನೆನಪಾದರು. ಅವರು ಹದಿನೆಂಟು ವರ್ಷ ಹುಡುಕಿದ್ದು ಇಂಥದೊಂದನ್ನು.

ಆಕಾಶದ ಸದ್ದೆಲ್ಲವೂ ಉಲ್ಕೆಯದಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರನ್ನು ಬೆಚ್ಚಿಬೀಳಿಸಿದ ಆ ಭಾರೀ ಶಬ್ದಕ್ಕೂ ಜನ ಉಲ್ಕೆ, ಭೂಕಂಪ ಎಂದೆಲ್ಲ ಹೆಸರಿಟ್ಟರು. ಅದು ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಸೇನೆಯ ಪರೀಕ್ಷಾ ವಿಮಾನದ್ದೆಂದು ರಕ್ಷಣಾ ಇಲಾಖೆ ಅದೇ ದಿನ ಸ್ಪಷ್ಟಪಡಿಸಿತು.

2013ರ ಫೆಬ್ರುವರಿ 15ರಂದು ದಕ್ಷಿಣ ಉರಾಲ್‌ನ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಗಾತ್ರದ ಕ್ಷುದ್ರಗ್ರಹವೊಂದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಬೆಳಕನ್ನು ಕಂಡು ಕಿಟಕಿಗೆ ಮುಖವಿಟ್ಟು ನಿಂತವರ ಮೇಲೆ ಒಂದೆರಡು ನಿಮಿಷದ ನಂತರ ಅಲೆ ಬಡಿದು ಗಾಜು ಒಡೆದು ಬಿದ್ದಿತು. ಸುಮಾರು 1,500 ಮಂದಿ ಚಿಕಿತ್ಸೆ ಪಡೆದರು. ಶಾಲೆಯ ಮಕ್ಕಳೂ ಅವರಲ್ಲಿದ್ದರು. ಮಿಂಚು ಕಂಡರೆ ಕಿಟಕಿಯಿಂದ ದೂರ ಸರಿದು ಮೇಜಿನ ಕೆಳಗೆ ಸೇರಬೇಕೆಂದು ಅಂದಿನಿಂದ ನಮ್ಮ ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. 2016ರಲ್ಲಿ ವಿಶ್ವಸಂಸ್ಥೆಯು ಜೂನ್ 30ನ್ನು ಕ್ಷುದ್ರಗ್ರಹ ದಿನವೆಂದು ಘೋಷಿಸಿತು. ಶಾಲೆ ಆರಂಭವಾಗಿ ಎರಡು ವಾರ ಕಳೆದಿರುವ ಹೊತ್ತದು. ನಾನು ಕುಲಿಕ್ ಅವರ ಕಥೆ ಹೇಳುವುದು ಈಗ ಅದೇ ದಿನ.

ಆ ಚೆಲ್ಯಾಬಿನ್ಸ್ಕ್ ಉಲ್ಕೆಯ ಅತಿದೊಡ್ಡ ತುಣುಕು ಚೆಬಾರ್ಕುಲ್ ಸರೋವರದ ಮಂಜುಗಡ್ಡೆಯನ್ನು ಒಡೆದುಕೊಂಡು ನೀರಿನ ತಳ ಸೇರಿತ್ತು. ಮುಳುಗುಗಾರರು ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ಮೇಲೆತ್ತಿದರು. ತೂಗಲು ಇಟ್ಟಾಗ ಮುಳ್ಳು 570 ಕಿಲೋಗ್ರಾಂ ತೋರಿಸಿತು, ಅಷ್ಟರಲ್ಲಿ ತಕ್ಕಡಿಯೇ ಮುರಿದುಹೋಯಿತು. ಈಗ ಆ ಕಲ್ಲು ಚೆಲ್ಯಾಬಿನ್ಸ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಯುವಕ ಕುಲಿಕ್ ಅರಣ್ಯ ನೌಕರನಾಗಿ ಮರ ಎಣಿಸುತ್ತ ತಿರುಗಿದ್ದು ಆ ಸೀಮೆಯಲ್ಲಿಯೇ.